ಅರಿವಿ ಒಣಗ್ಯಾವು

ಡ್ರೈಯರಿನ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವ ಬಿಸಿ ವಾಸನೆ ನಿಮಗೂ ಗೊತ್ತಿರಬೇಕು. ಇವತ್ತು ಬ್ರ್ಯಾಂಪ್ಟನ್ನಿನ ನನ್ನ ಮನೆಯಲ್ಲಿ ಆ ವಾಸನೆ ಬಂದದ್ದೇ ತಡ, ಮೆಟ್ಟಿಲ ಮೇಲಿನಿಂದ ಆಯಿ ಕೂಗಿಯಾಳೆಂದು ಕಿವಿ ನಿಮಿರಿತು. ಇಲ್ಲಿ ಮೆಟ್ಟಿಲೇ ಇಲ್ಲ.

ಆಯಿ ನನ್ನ ಸ್ವಂತ ಅಜ್ಜಿಯಲ್ಲ. ಮೂರು ವರ್ಷದ ಹಿಂದೆ, 2016ರಲ್ಲಿ, ರೆಕ್ಸ್‌ಡೇಲಿನ ಬೇಸ್‌ಮೆಂಟಿನಲ್ಲಿದ್ದಾಗಿನ ಮನೆಯೊಡತಿ. ಈ ದೇಶದ ಪೂರ್ವ ಕರಾವಳಿಯ ಅಕೇಡಿಯನ್ ಫ್ರೆಂಚರವಳು. ಅವಳ ಹೆಸರು ನನ್ನ ಬಾಗಲಕೋಟೆ ನಾಲಿಗೆಗೆ ಹೊರಳದೆ ಆಯಿ ಮಾಡಿಕೊಂಡೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದ ಮೊದಲನೆಯವಳು ನಾನು. ಆ ಹೆಮ್ಮೆಯನ್ನೇನೋ ವಿಮಾನ ಹತ್ತಿಸಿ ತಂದಿದ್ದೆ.

ಆ ವರ್ಷ ಕನ್ನಡದವರ ಊಟದ ಕೂಟದಲ್ಲಿ, "ಅರಿವಿ ಒಗಿಯೂದೈತ್ರಿ, ಲಗೂ ಹೊಂಡ್ತೀನಿ" ಅಂದೆ.

"ಅರಿವೇನಾ? ನೆಲ ಒರೆಸೋದಾ ಮೇಡಂ? ವೀಕೆಂಡೆಲ್ಲಾ ಅದನ್ನೇ ಒಗೀತೀರಾ?" ಎಂದರು ಬೆಂಗಳೂರಿನವರೊಬ್ಬರು.

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಮ್ಮ ಭಾಷೆಯವರು ಸಿಕ್ಕರೆಂದು ಬಸ್ಸು ಬದಲಿಸಿ ಬದಲಿಸಿ ಹೋದವಳು, ಬರುವಾಗ ಅರಿವಿ ಅನ್ನುವುದನ್ನು ಬಿಟ್ಟು 'ಬಟ್ಟೆ'ಯವಳಾಗಿ ಬಂದೆ. ಫೋನಿನಲ್ಲಿ "ಬಟ್ಟೆ ಒಗೀತಿದೀನಿ" ಅಂದಾಗ ಅವ್ವ, "ಯಾರ್ರಿ ನೀವು? ಫೋನ್ ನನ್ನ ಮಗಳ ಕೈಯಾಗ ಕೊಡ್ರಿ" ಅಂದಳು.

ಇದನ್ನು ಹೇಳಿದರೆ ಆಯಿ ನಗಲಿಲ್ಲ. ಅವರ ಮಾತಿನಲ್ಲಿ ಬಟ್ಟೆಗೆ 'ಹಾರ್ದ್' ಅನ್ನುತ್ತಾರಂತೆ. ಹಿಂದೆ ಇಂಗ್ಲಿಷರು ಅವರ ಜನವನ್ನು ನೆಲ ಬಿಡಿಸಿ, ಹಡಗಿಗೆ ತುಂಬಿ, ದಿಕ್ಕಿಗೊಬ್ಬರಂತೆ ಚೆಲ್ಲಿದರು. ವರ್ಷಗಟ್ಟಲೆ ಅಲೆದು ಆಯಿಯ ಹಿರೀಕರು ಕ್ವಿಬೆಕ್ ಸೇರಿದಾಗ, ಅಂತೂ ಫ್ರೆಂಚ್ ಆಡುವವರ ನಡುವೆ ಬಂದೆವೆಂದು ಅತ್ತರಂತೆ.

"ಚಳಿ. ಮಗುವಿಗೆ ಹಾರ್ದ್ ಕೊಡಿ ಅಂತ ನಮ್ಮವಳೊಬ್ಬಳು ಕೇಳಿದಳು. ಮನೆಯಾಕೆ ಚಿಂದಿ ತಂದುಕೊಟ್ಟಳು. ಕೆಟ್ಟವಳಲ್ಲ ಕಣೇ ಹುಡುಗಿ. ಅವಳ ಫ್ರೆಂಚಲ್ಲಿ ಹಾರ್ದ್ ಅಂದರೆ ಚಿಂದಿನೇ."

"ಆಮೇಲೆ?"

"ಅದನ್ನೇ ಹೊಲಿದು ಹೊದಿಸಿದಳು. ಮಾತು ಮಾತ್ರ ಬಿಡಲಿಲ್ಲ. ಬಿಟ್ಟಿದ್ದರೆ ನನ್ನವರೆಗೆ ಬರುತ್ತಿತ್ತಾ? ಎಲ್ಲಿ, ನಿನ್ನದು ಹೇಳಿಕೊಡು."

ಮರುದಿನದಿಂದ ಮೆಟ್ಟಿಲ ಮೇಲಿನಿಂದ ಕೂಗು: "ಅರಿವೀ ಒಣಗ್ಯಾವ್!" ರಕಾರ ಗಂಟಲಲ್ಲೇ ಉರುಳುತ್ತಿತ್ತು. ಇಷ್ಟು ದೊಡ್ಡ ಊರಿನಲ್ಲಿ ನನ್ನೊಡನೆ ನನ್ನೂರ ಮಾತು ಆಡಿದವಳು ಅವಳೊಬ್ಬಳೇ. ಅವಳೊಡನೆ ನಾನು ಅರಿವಿಯವಳು. ಮಿಕ್ಕವರೊಡನೆ, ಅವ್ವನೊಡನೆ ಕೂಡ, ಬಟ್ಟೆಯವಳಾಗಿಯೇ ಉಳಿದೆ. ಹೋದ ವರ್ಷ ಆಯಿ ಮನೆ ಮಾರಿ ತನ್ನ ಕರಾವಳಿಯ ಊರಿಗೆ ಹೊರಟುಹೋದಳು.

ಬಿಸಿ ಬಿಸಿ ರಾಶಿಯನ್ನು ಎದೆಗವಚಿಕೊಂಡು ನಿಂತಿದ್ದೆ. ಅವ್ವನ ಫೋನು.

"ಏನ್ ಮಾಡಾಕತ್ತೀಯವಾ?"

"ಅರಿವಿ ಮಡಚಾಕತ್ತೀನಿ ಬೇ."



"ಹಾಂ," ಅಂದಳು ಅವ್ವ, "ಈಗ ನೋಡು, ಫೋನ್ ನನ್ನ ಮಗಳ ಕೈಯಾಗ ಬಂತು."