ಕಪ್ಪಿಲ್ಲದ ಮಸಾಲೆ ಡಬ್ಬಿ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ನೇರಳೆ ಬಣ್ಣದ್ದಾಗಿರುತ್ತಿತ್ತು. ಮೊಣಕೈವರೆಗೆ ಗೋಡೆಗೆ ಬಳಿಯುವ ಬಿಳಿ ಪೇಂಟು, ಉಗುರಿನಲ್ಲಿ ಮಾತ್ರ ನೇರಳೆ. ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ನಮ್ಮ ಆಫೀಸಿನ ಊಟದ ಕೋಣೆಗೆ ಬಣ್ಣ ಬಳಿಯಲು ಬಂದಿದ್ದರು. ಏಣಿ ಜಾರಿದಾಗ ಅದನ್ನು ಅಪ್ಪಟ ದಾವಣಗೆರೆ ಕನ್ನಡದಲ್ಲಿ ಬೈದರು. ನಾನು ಚಿತ್ರಾನ್ನದ ಡಬ್ಬಿ ಹಿಡಿದುಕೊಂಡೇ ಅವರ ಬಳಿಗೆ ಓಡಿದೆ. ಎರಡು ಸಾವಿರದ ದಶಕದ ಆರಂಭ; ನಾನು ಬೆಂಗಳೂರಿನಿಂದ ಬಂದು ನಾಲ್ಕೇ ತಿಂಗಳಾಗಿತ್ತು. ಕನ್ನಡದ ಬೈಗುಳವೂ ಕಿವಿಗೆ ಹಬ್ಬವಾಗಿತ್ತು. ಅಂದಿನಿಂದ ಅವರು ನನಗೆ ಪೇಂಟರ್ ಅಂಕಲ್.

ಊರಿನಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಆ ಕಸುಬು ಕುಂಟತೊಡಗಿದಾಗ, ನರ್ಸ್ ಆಗಿದ್ದ ಆಂಟಿಗೆ ಇಲ್ಲೇ ಕಾಯಂ ನೆಲೆಸುವ ಪಿಆರ್ ಸಿಕ್ಕಿ ಇಬ್ಬರೂ ಇಲ್ಲಿಗೆ ಬಂದಿದ್ದರು. ವಾರವೆಲ್ಲ ಗೋಡೆ, ಭಾನುವಾರ ಕಡಲತೀರ; ನಾನೂ ಜೊತೆಗೆ ಹೋಗುತ್ತಿದ್ದೆ. ಫೆರ್ರಿ ಕಟ್ಟೆಯ ಮೇಲೆ ಮಡಚುವ ಕುರ್ಚಿ ಹಾಕಿ, ತೊಡೆಯ ಮೇಲೆ ಆಂಟಿಯ ಹಳೆಯ ಸ್ಟೀಲ್ ಮಸಾಲೆ ಡಬ್ಬಿ ಇಟ್ಟುಕೊಳ್ಳುತ್ತಿದ್ದರು. ಏಳು ಬಟ್ಟಲು, ಏಳು ಬಣ್ಣ. ಕಪ್ಪಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

"ಮತ್ತೆ ನೆರಳಿಗೆ ಏನ್ ಹಾಕ್ತೀರಾ ಅಂಕಲ್?" ಎಂದು ಕೇಳಿದ್ದೇ ತಡ, ಕುರ್ಚಿಯಿಂದ ಎದ್ದೇ ಬಿಟ್ಟರು.

"ನೆರಳು ಕಪ್ಪು ಅಂತ ಯಾರವ್ವಾ ಹೇಳಿದ್ದು ನಿನಗೆ? ಕಣ್ಬಿಟ್ಟು ನೋಡು! ನೀಲಿ ಐತೆ, ನೇರಳೆ ಐತೆ, ಆ ದೋಣಿ ಕೆಳಗೆ ಹಸಿರೂ ಐತೆ!"

ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ ಕಥೆಯನ್ನು ಅವರು ಪಕ್ಕದ ಬೀದಿಯ ಜಗಳದ ಹಾಗೆ ಹೇಳುತ್ತಿದ್ದರು. ಮೊದಲೆಲ್ಲ ಚಿತ್ರಕಾರರು ಬಣ್ಣ ಅರೆದು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರಂತೆ. ತಗಡಿನ ಟ್ಯೂಬು ಬಂತು ನೋಡಿ, ಜೇಬಿಗೆ ಹಾಕಿಕೊಂಡು ಹೊಳೆದಂಡೆಗೆ ಓಡಿದರು. ಬಿಸಿಲು ಬದಲಾಗುವುದರೊಳಗೆ ಬರೆಯಬೇಕಲ್ಲ! ಬಣ್ಣದ ಪಕ್ಕ ಬಣ್ಣ ಮೆತ್ತಿ, ಕಲಸುವ ಕೆಲಸವನ್ನು ನೋಡುವವರ ಕಣ್ಣಿಗೇ ಬಿಟ್ಟರು. ದೊಡ್ಡ ಪ್ರದರ್ಶನದವರು ಬಾಗಿಲು ಹಾಕಿದಾಗ ತಾವೇ ಪ್ರದರ್ಶನ ಇಟ್ಟರು. ಪತ್ರಿಕೆಯವನೊಬ್ಬ ಇದೆಲ್ಲ ಬರೀ ಇಂಪ್ರೆಷನ್, ಅರೆಬರೆ ಛಾಪು ಎಂದು ಗೇಲಿ ಮಾಡಿದ. ಆ ಗೇಲಿಯೇ ಅವರ ಹೆಸರಾಯಿತು: ಇಂಪ್ರೆಷನಿಸ್ಟರು.

"ನಮ್ಮ ಬ್ಯಾನರೂ ಅದೇ ಅಲ್ಲೇನವ್ವಾ? ಏಣಿ ಮೇಲಿಂದ ನೋಡಿದ್ರೆ ಹೀರೋ ಕೆನ್ನೆ ಬರೀ ಹಸಿರು, ಗುಲಾಬಿ ಮೆತ್ತು. ರಸ್ತೆ ಆಚೆ ನಿಂತ್ರೆ ನಗ್ತಾನೆ!"

"ನೀವು ನನ್ನ ಗುರುಗಳು ಅಂಕಲ್" ಎಂದರೆ, "ಗೋಡೆ ಬಳಿಯೋನಿಗೆ ಶಿಷ್ಯರು ಬೇರೆ ಕೇಡು" ಎಂದು ನಕ್ಕುಬಿಡುತ್ತಿದ್ದರು.

ಆ ವರ್ಷ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ವೇದಿಕೆಯ ಹಿಂದಿನ ಪರದೆಯನ್ನು ತಾವೇ ಬರೆಯುವುದಾಗಿ ಹಠ ಹಿಡಿದರು. ಕಾರ್ಯದರ್ಶಿಗೆ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಪರದೆ ಬೇಕಿತ್ತು. ಊರು ಬಿಟ್ಟ ಮೇಲೆ ಅಂಕಲ್ ಬರೆದ ಮೊದಲ ದೊಡ್ಡ ಚಿತ್ರ ಅದು: ಹರಿಹರದ ತುಂಗಭದ್ರೆಯ ಸಂಜೆ. ಕೆಟ್ಟರೆ ಮತ್ತೆ ಯಾರೂ ಅವರನ್ನು ಕೇಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ.

ಕಾರ್ಯಕ್ರಮದ ಮಧ್ಯಾಹ್ನ ನಾನು ಹಾಲ್‌ಗೆ ಬೇಗ ಹೋದೆ. ಪರದೆ ಕಟ್ಟಿ ಅಂಕಲ್ ಊಟಕ್ಕೆ ಹೋಗಿದ್ದರು. ವೇದಿಕೆ ಹತ್ತಿ ಹತ್ತಿರದಿಂದ ನೋಡಿದೆ. ಹೊಳೆಯೆಲ್ಲಿ? ಬರೀ ಮೆತ್ತು! ನಾನು ಸಾಫ್ಟ್‌ವೇರ್ ಟೆಸ್ಟರ್; ತಪ್ಪು ಹುಡುಕುವುದೇ ನನ್ನ ಅನ್ನ. ಪಾಪ, ಮುಗಿಸಲು ಆಗಿಲ್ಲ, ಅವರ ಮರ್ಯಾದೆ ಉಳಿಸೋಣ ಎಂದುಕೊಂಡೆ. ಮಕ್ಕಳ ನಾಟಕಕ್ಕೆ ಮೀಸೆ ಬರೆಯಲು ತಂದಿದ್ದ ಕಪ್ಪು ಬಣ್ಣದ ಪುಟ್ಟ ಸೀಸೆ ತೆಗೆದು ಬಲಗಡೆಯಿದ್ದ ಸೇತುವೆಗೆ, ದೋಣಿಗೆ, ಬಟ್ಟೆ ಒಗೆಯುವ ಹೆಂಗಸರಿಗೆ ನೀಟಾಗಿ ಗೆರೆ ಎಳೆದೆ. ಅಷ್ಟು ಭಾನುವಾರ ಕೇಳಿದ ಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಅಂಕಲ್ ಬಂದರು. ಸೀಸೆ ಕಿತ್ತುಕೊಂಡು ಜೇಬಿಗಿಳಿಸಿದರು. ನನ್ನ ರಟ್ಟೆ ಹಿಡಿದು ಕೊನೆಯ ಸಾಲಿನವರೆಗೆ ನಡೆಸಿ, ವೇದಿಕೆಯ ಕಡೆ ತಿರುಗಿಸಿದರು. ನಾನು ಮುಟ್ಟದ ಎಡಗಡೆಯಲ್ಲಿ ಹೊಳೆ ಹರಿಯುತ್ತಿತ್ತು, ನೀರಿನ ಮೇಲೆ ಬಿಸಿಲು ಕುಣಿಯುತ್ತಿತ್ತು. ಬಲಗಡೆ ಎಲ್ಲವೂ ಸತ್ತು ನಿಂತಿತ್ತು. ನಾನು ಗೊಳೋ ಎಂದು ಅತ್ತೆ.

"ಅಳೋಕೆ ಟೈಮಿಲ್ಲ. ಇನ್ನೂ ಎರಡು ತಾಸು ಐತೆ. ಡಬ್ಬಿ ತಗೊಂಬಾ!"

ಅಂಥ ಎರಡು ತಾಸು ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ. ಅವರು ಏಣಿಯ ಮೇಲೆ, ನಾನು ಕೊನೆಯ ಸಾಲಿನಲ್ಲಿ. "ಸೇತುವೆ ಹತ್ರ ಇನ್ನೂ ಕಪ್ಪು ಕಾಣ್ತಿದೆ ಅಂಕಲ್!" ಎಂದು ನಾನು ಕೂಗುವುದು, ಅವರು ನೀಲಿ ಮೆತ್ತುವುದು. "ದೋಣಿ ಪಕ್ಕ!" ನೇರಳೆ. ಜನ ಒಳಬರುವ ಹೊತ್ತಿಗೆ ಏಣಿ ಇಳಿದರು. ಬಣ್ಣ ಇನ್ನೂ ಹಸಿಯಾಗಿತ್ತು. ತೆರೆ ಸರಿದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ನಿಂತು, "ನಮ್ಮ ಹೊಳೆ! ನೋಡ್ರೋ, ನಮ್ಮ ಹರಿಹರದ ಹೊಳೆ!" ಎಂದು ಕೂಗಿದರು. ಅಂಕಲ್ ಪರದೆಯ ಬದಿಯಲ್ಲಿ ನಿಂತು ಟವೆಲಿನಿಂದ ಮುಖ ಒರೆಸಿಕೊಂಡಿದ್ದೇ ಒರೆಸಿಕೊಂಡಿದ್ದು.

ಮದುವೆಯಾಗಿ ನಾನು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ಗೆ ಬಂದೆ. ಒಂದು ಚಳಿಗಾಲ ಪ್ಯಾರಿಸ್‌ನಿಂದ ಆ ಚಿತ್ರಕಾರರ ಅಸಲಿ ಚಿತ್ರಗಳೇ ಇಲ್ಲಿನ ಗ್ಯಾಲರಿಗೆ ಬಂದವು. ಫೋನ್ ಮಾಡಿದೆ, ಮರುದಿನವೇ ವಿಮಾನ ಹತ್ತಿದರು. ಅಲ್ಲಿಯವರೆಗೆ ಅವರು ನೋಡಿದ್ದೆಲ್ಲ ಕ್ಯಾಲೆಂಡರಿನಲ್ಲಿ. ಒಂದು ಹೊಳೆಯ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ಕಾವಲಿನವಳಿಂದ ಬೈಸಿಕೊಂಡರು. ಹಿಂದೆ ಹಿಂದೆ ಸರಿಯುತ್ತಾ ಯಾರದೋ ಕಾಲು ತುಳಿದರು. ಸಾರಿ ಹೇಳುವುದನ್ನೂ ಮರೆತು, ಇಡೀ ಕೋಣೆಗೆ ಕೇಳುವಂತೆ ಕೂಗಿದರು: "ನಮ್ಮೋರೇ ಕಣವ್ವಾ! ಇವರೂ ಬ್ಯಾನರ್ ಬರೆಯೋರೇ!"

ಕೆಲವು ವರ್ಷಗಳ ನಂತರ ಅವರ ಹೃದಯ ಕೈಕೊಟ್ಟಿತು. ಕಾರ್ಯಗಳೆಲ್ಲ ಮುಗಿದ ಮೇಲೆ ಆಂಟಿ ಮಸಾಲೆ ಡಬ್ಬಿಯನ್ನು ನನಗೆ ಕಳಿಸಿದರು. ಆರು ಬಟ್ಟಲುಗಳಲ್ಲಿ ಒಣಗಿದ ಬಣ್ಣವಿತ್ತು. ನಡುವಿನ ಬಟ್ಟಲಿನಲ್ಲಿ ಅಂದು ನನ್ನ ಕೈಯಿಂದ ಕಿತ್ತುಕೊಂಡಿದ್ದ ಅದೇ ಕಪ್ಪು ಸೀಸೆ. ಅದರ ಮೇಲೊಂದು ಚೀಟಿ ಅಂಟಿಸಿ, ಬ್ಯಾನರಿನ ದುಂಡು ಅಕ್ಷರದಲ್ಲಿ ಬರೆದಿದ್ದರು: "ನನ್ನ ಶಿಷ್ಯೆ ಕೇಳಿದರೂ ಕೊಡಬೇಡಿ."