ಮೂರು ಸಲ ರಸ ಹಾಕಿಸಿಕೊಂಡ ಗೋಲ್‌ಕೀಪರ್

ಫುಟ್‌ಬಾಲಿನಲ್ಲಿ ನಾನು ಯಾರ ಪಕ್ಷವೂ ಅಲ್ಲ. ಆ ಭಾನುವಾರ ಪೋತ್ತನೂರಿನ ರೈಲ್ವೆ ಮೈದಾನಕ್ಕೆ ಹೋದದ್ದು ಒಬ್ಬ ಮನುಷ್ಯ ಸೋಲುವುದನ್ನು ನೋಡಲು ಮಾತ್ರ. ಅವನು ಮದುಕ್ಕರೈ ತಂಡದ ಗೋಲ್‌ಕೀಪರ್. ಎರಡು ತಿಂಗಳ ಹಿಂದೆ ನಮ್ಮ ಅಕ್ಕನನ್ನು ನೋಡಲು ಬಂದು, ಆಮೇಲೆ ಮಾಯವಾದವನು.

ಸುಮ್ಮನೆ ಬಂದು ಹೋಗಿದ್ದರೆ ನನಗೆ ಕೋಪವಿರಲಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ, ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಕನ್ನಡ ನೇಕಾರ ಜನ ಕಾಫಿ, ಬೋಂಡಾ ಏನು ಕೊಟ್ಟರೂ ತಿನ್ನುತ್ತಾರೆ. ಮನಸ್ಸು ಒಪ್ಪದೆ ಅನ್ನಕ್ಕೆ ಮಾತ್ರ ಕೈ ಹಾಕುವುದಿಲ್ಲ. ಕೈ ನನೆಸಿದರೆ ಸಂಬಂಧ ಕುದುರಿದಂತೆ. ಇವನು ಮೊಣಕೈವರೆಗೆ ನನೆಸಿದ್ದ. ಮೂರು ಸಲ ರಸ ಹಾಕಿಸಿಕೊಂಡಿದ್ದ. ಆಮೇಲೆ ಸುದ್ದಿಯೇ ಇಲ್ಲ. ಅಂಚೆಯವನ ಸೈಕಲ್ ಬೆಲ್ ಕೇಳಿದಾಗಲೆಲ್ಲ ಅಕ್ಕನ ಮಗ್ಗ ನಿಲ್ಲುತ್ತಿತ್ತು. ಯಾರ ದನಿಯನ್ನಾದರೂ ಅನುಕರಿಸುವ ನಾನು ಆ ಬೆಲ್ ಸದ್ದನ್ನೂ ಬಾಯಲ್ಲೇ ಬಾರಿಸಬಲ್ಲೆ. ಒಂದು ದಿನ ತಮಾಷೆಗೆ ಬಾರಿಸಿದೆ. ಅವಳು ಎದ್ದು ಬಾಗಿಲವರೆಗೆ ಬಂದದ್ದು ನೋಡಿದ ಮೇಲೆ ಮತ್ತೆ ಬಾರಿಸಲಿಲ್ಲ.

ಮೈದಾನದಲ್ಲಿ ಅವನ ಗೋಲಿನ ಹಿಂದೆಯೇ ಜಾಗ ಹಿಡಿದೆ. ಸುತ್ತಲೂ ಎದುರಾಳಿ ರೈಲ್ವೆ ತಂಡದ ಕಡೆಯವರು, ಬಗೆಬಗೆಯ ತಮಿಳು ಬೈಗುಳ. ಅವನು ಯಾವುದಕ್ಕೂ ಅಲ್ಲಾಡದೆ ಬಂದ ಚೆಂಡನ್ನೆಲ್ಲ ಹಿಡಿದ. ಪಕ್ಕದಲ್ಲಿದ್ದ ರೈಲ್ವೆ ಫಿಟ್ಟರ್ ಒಬ್ಬರು ನೀನು ಯಾರ ಕಡೆ ಎಂದು ಕೇಳಿದರು. ಯಾರ ಕಡೆಯೂ ಅಲ್ಲ ಎಂದೆ. ಮುಗಿಯಲು ಇನ್ನು ಐದು ನಿಮಿಷ, ಎರಡೂ ಕಡೆ ಗೋಲಿಲ್ಲ. ರೈಲ್ವೆಯವನೊಬ್ಬ ಚೆಂಡು ಒದೆಯಲು ಕಾಲೆತ್ತಿದ್ದೇ ತಡ, ನಾನು ನಮ್ಮ ಅಮ್ಮನ ದನಿಯಲ್ಲಿ, ಮನೆಯ ಕನ್ನಡದಲ್ಲಿ, ಅಳಿಯನನ್ನು ಉಪಚರಿಸುವಂತೆ ಕೇಳಿದೆ:

"ಇನ್ನೊಂದ್ ಸೌಟು ರಸ ಬಿಡ್ಲಾ, ಮಾಪ್ಳೆ?"

ಅವನು ತಿರುಗಿ ನೋಡಿದ. ಚೆಂಡು ಅವನ ಕಿವಿಯ ಪಕ್ಕದಿಂದ ಬಲೆಗೆ ಬಂತು.

ಆಟ ಮುಗಿದ ಸೀಟಿ ಊದಿದೊಡನೆ ಅವನು ನೇರ ನನ್ನ ಕಡೆ ಬಂದ. ಹತ್ತಿರದಿಂದ ಗೋಲಿನಷ್ಟೇ ಅಗಲವಾಗಿ ಕಂಡ. ಓಡೋಣವೆಂದರೆ ನನ್ನ ಕಾಲುಗಳು ಗೋಲ್ ಕಂಬದ ಮಿಮಿಕ್ರಿ ಮಾಡುತ್ತಿದ್ದವು.

"ಉಂಡ್ ಹೋದ್ಮೇಲೆ ಸುದ್ದಿನೇ ಇಲ್ವಲ್ಲ," ಎಂದೆ. ಈ ಸಲ ನನ್ನದೇ ದನಿ, ಅಮ್ಮನದಕ್ಕಿಂತ ಸಣ್ಣದು.

"ಉಂಡ್ಮೇಲೆ ಇನ್ನೇನಪ್ಪಾ ಹೇಳದು? ಮನೆ ನೋಡಕ್ಕೆ ನಿಮ್ಮೋರು ತಾನೆ ಬರ್ಬೇಕು? ಎಂಟು ಭಾನುವಾರ ಆಯ್ತು, ನಮ್ಮವ್ವ ಮನೆ ತೊಳ್ದು ಕಾಯ್ತಾವ್ಳೆ." ಕೈಗವಸು ಬಿಚ್ಚುತ್ತ ನೆಲ ನೋಡಿದ. "ನಿಮ್ಮಕ್ಕಂಗೆ ನಾನು ಹಿಡಿಸ್ಲಿಲ್ಲ ಅಂತ ನೆನ್ಸ್‌ಕೊಂಡಿದ್ದೆ."

ನಮ್ಮ ಬೀದಿಯಲ್ಲಿ ಗಂಡಿನವರು ಕರೆಯದೆ ಹೆಣ್ಣಿನವರು ಅವರ ಮನೆ ನೋಡಲು ಹೋಗುವುದು ಅವಮಾನ. ಅವರ ಕಡೆ ಗಂಡು ಉಂಡೆದ್ದ ಮೇಲೆ ಮತ್ತೆ ಬೇರೆಯಾಗಿ ಕರೆಯುವುದು ಅವಮಾನ. ಎರಡು ಮನೆಯವರೂ ಎರಡು ತಿಂಗಳು ಭಾರೀ ಮರ್ಯಾದೆಯಿಂದ ಬಾಗಿಲು ನೋಡುತ್ತ ಕೂತಿದ್ದರು. ಇದನ್ನು ಅಪ್ಪನಿಗೆ ಹೇಳಿದೆ. ರಸದ ವಿಷಯ ಬಿಟ್ಟು.

ಮುಂದಿನ ಭಾನುವಾರ ಅಕ್ಕನನ್ನು ಬಿಟ್ಟು ಉಳಿದವರೆಲ್ಲ ಮದುಕ್ಕರೈಗೆ ಹೋದೆವು. ಎಲೆ ಹಾಕಿದರು. ಬೆನ್ನ ಹಿಂದಿನಿಂದ ನಮ್ಮ ಅಮ್ಮನ ದನಿ ಕೇಳಿತು, ಇನ್ನೊಂದ್ ಸೌಟು ರಸ ಬಿಡ್ಲಾ ಎಂದು. ಅನುಕರಣೆ ತೀರಾ ಕೆಟ್ಟದಾಗಿತ್ತು. ಅಮ್ಮ ನನ್ನ ಎದುರಿಗೇ ಕೂತಿದ್ದಳು. ಆದರೂ ತಿರುಗಿದೆ. ಸೌಟು ಹಿಡಿದಿದ್ದವನು ಗೋಲ್‌ಕೀಪರ್; ರಸ ಎಲೆ ದಾಟಿ ನನ್ನ ಹೊಸ ಪ್ಯಾಂಟಿಗೆ ಬಂತು.

ಯಾರಿಂದ ಆದ ಕಲೆ ಎಂದು ಕೇಳಿ ತಿಳಿದು ಅಕ್ಕ ಪ್ಯಾಂಟನ್ನು ತಾನೇ ಇಸಿದುಕೊಂಡಳು. ಮರುದಿನ ಅದನ್ನು ಒಗೆಯುತ್ತಿದ್ದಾಗ ಅಂಚೆಯವನು ಬೆಲ್ ಬಾರಿಸುತ್ತ ಹೋದ. ಅವಳು ತಲೆಯೆತ್ತಲಿಲ್ಲ.