ತರೀಕೆರೆಯ ಪ್ರೇಮ ಕಾದಂಬರಿಗಾರ್ತಿ

ತರೀಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುವ ಯಾಸ್ಮಿನ್‌ಗೆ ನಲವತ್ತೆಂಟು ತುಂಬಿದ ವರ್ಷ ಮೊದಲ ಕಾದಂಬರಿ ಮುಗಿಯಿತು. ಮನೆಯಲ್ಲಿ ಆಡುವುದು ದಖನಿ ಉರ್ದು, ಬರೆಯುವುದು ಶಾಲೆಯಲ್ಲಿ ಕಲಿತ ಕನ್ನಡ. ಕಡೂರಿನ ಬಸ್ಸಿನಲ್ಲಿ ಕಂಡಕ್ಟರಾಗಿರುವ ನಲವತ್ತೊಂದರ ವಿಧವೆಗೂ ಪಂಕ್ಚರ್ ಅಂಗಡಿಯವನಿಗೂ ಪ್ರೀತಿಯಾಗುವ ಕಥೆ. ಹಸ್ತಪ್ರತಿ ಓದಿದ ಪ್ರಕಾಶಕರೊಬ್ಬರು ಫೋನ್ ಮಾಡಿ, "ಬರವಣಿಗೆ ಚೆನ್ನಾಗಿದೆ ಮೇಡಂ. ನಾಯಕಿಗೆ ಇಪ್ಪತ್ತೆರಡು ವಯಸ್ಸು ಮಾಡಿ, ಅಚ್ಚು ಹಾಕೋಣ" ಎಂದರು.

"ಇಪ್ಪತ್ತೆರಡಕ್ಕೆ ಅವಳಿಗೆ ಇಬ್ಬರು ಮಕ್ಕಳು ಸಾರ್. ಪ್ರೀತಿ ಮಾಡೋಕೆ ಪುರುಸೊತ್ತೆಲ್ಲಿತ್ತು?" ಎಂದ ಯಾಸ್ಮಿನ್ ಹಸ್ತಪ್ರತಿಯನ್ನು ವಾಪಸ್ ತರಿಸಿಕೊಂಡಳು.

ಊರಿನ ಸಣ್ಣ ವಾರಪತ್ರಿಕೆಯೊಂದು ಅದನ್ನು ಧಾರಾವಾಹಿಯಾಗಿ ಹಾಕಿತು. ಐದನೇ ವಾರಕ್ಕೆ ತಮ್ಮ ಅಖೀಲ್ ಮುಖ ಗಂಟಿಕ್ಕಿಕೊಂಡು ಬಂದ. "ಆಪಾ, ಜನ ನನ್ನ ಕೇಳ್ತಾರೆ."

"ಮುಂದೇನಾಗುತ್ತೆ ಅಂತ ತಾನೆ? ಪತ್ರಿಕೆ ತಗೊಂಡು ಓದ್ಕೊಳಿ ಅನ್ನು."

ಆ ಧಾರಾವಾಹಿ ಓದಿಯೇ ಅಜ್ಜಂಪುರದ ಕೃತಿಕಾ ಅವಳನ್ನು ಹುಡುಕಿಕೊಂಡು ಬಂದದ್ದು. ಡಿಗ್ರಿ ಮುಗಿಸಿ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಬ್ಯಾಗಿನಲ್ಲಿ ಆರು ಅಧ್ಯಾಯ ಬರೆದ ನೋಟ್‌ಬುಕ್ಕು. ಯಾಸ್ಮಿನ್ ಮೆಷಿನ್ ನಿಲ್ಲಿಸಿ ಅಷ್ಟನ್ನೂ ಓದಿದಳು.

"ಅವನ ಕಣ್ಣಿನ ಬಗ್ಗೆ ಎರಡು ಪುಟ ಬರ್ದಿದೀಯ. ಇವಳಿಗೆ ಜ್ವರ ಬಂದಾಗ ಅವನೇನು ಮಾಡ್ದ ಅನ್ನೋದು ಒಂದೇ ಸಾಲು. ಅದನ್ನ ಉಲ್ಟಾ ಮಾಡು ಕಣೇ. ಇನ್ನು ಇವರಿಬ್ಬರು ಸೇರೋಕೆ ಅಡ್ಡ ಬರೋನು ಯಾವನೋ ವಿಲನ್ ಯಾಕೆ? ಇವಳ ಹಠವೇ ಅಡ್ಡ ಬರಲಿ."

"ಮನೇಲಿ ನಗ್ತಾರೆ ಯಾಸ್ಮಿನಕ್ಕ, ಲವ್ ಸ್ಟೋರಿ ಬರೆಯೋಳು ಅಂತ."

"ನಗಲಿ ಬಿಡು. ಮದುವೆ ಮನೇಲಿ ಕೂತ್ರೆ ಅವರು ಮೊದಲು ಕೇಳೋದೇ ಯಾರು ಯಾರ ಜೊತೆ ಓಡಿಹೋದ್ರು ಅಂತ. ನೀನು ಮುಗಿಸು."

ಎರಡು ತಿಂಗಳ ಮೇಲೆ ಕೃತಿಕಾ ಬರಿಗೈಯಲ್ಲಿ ಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಹನ್ನೊಂದು ಅಧ್ಯಾಯವಾಗಿದ್ದ ನೋಟ್‌ಬುಕ್ಕನ್ನು ಚಿಕ್ಕಪ್ಪ ಬಸವೇಶ್ ನೀರೊಲೆಗೆ ಹಾಕಿಬಿಟ್ಟಿದ್ದ. ಯಾಸ್ಮಿನ್‌ಗೆ ಮೈ ಉರಿದುಹೋಯಿತು. ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ ಬಿಳಿ ಹಾಳೆ ಇಟ್ಟಳು.

"ಕೂತ್ಕೋ. ಒಂದನೇ ಅಧ್ಯಾಯ."

"ಎಲ್ಲಾ ನೆನಪಿಲ್ಲ ಅಕ್ಕ."

"ಮರೆತದ್ದು ಬೇಡದ್ದೇ ಇರಬೇಕು. ನೆನಪಿರೋದನ್ನ ಬರಿ."

ಭಾನುವಾರಗಳೆಲ್ಲ ಹಾಗೇ ಹೋದವು. ಹದಿನಾಲ್ಕನೆಯ ಅಧ್ಯಾಯದಲ್ಲಿ ನಾಯಕಿ ಒಪ್ಪಿಕೊಳ್ಳಲಿ ಎಂದು ಯಾಸ್ಮಿನ್ ಹೇಳಿದರೆ, "ಇಲ್ಲ, ಅವಳಿನ್ನೂ ಒಪ್ಪಲ್ಲ!" ಎಂದು ಕೃತಿಕಾ ಕೂಗಾಡಿದಳು. ಯಾಸ್ಮಿನ್ ಒಳಗೊಳಗೇ ಹಿಗ್ಗಿದಳು.

ಅದೇ ಪತ್ರಿಕೆಯಲ್ಲಿ ಕೃತಿಕಾಳ ಪೂರ್ತಿ ಹೆಸರಿನೊಂದಿಗೆ ಕಾದಂಬರಿ ಶುರುವಾಯಿತು. ಮೂರನೇ ವಾರ ಬಸವೇಶ್ ಪತ್ರಿಕೆ ಸುತ್ತಿ ಹಿಡಿದು ಹೊಲಿಗೆ ಅಂಗಡಿಯ ಬಾಗಿಲಿಗೇ ಬಂದ.

"ಏನ್ರೀ, ನಮ್ಮ ಹುಡುಗೀನ ಕೆಡಿಸ್ತಿದೀರಾ?"

ಯಾಸ್ಮಿನ್ ಬಾಯಿ ತೆರೆಯುವ ಮೊದಲೇ ಕೃತಿಕಾ ಎದ್ದು ನಿಂತಳು. "ಬರೀತಿರೋಳು ನಾನು ಚಿಕ್ಕಪ್ಪ, ನನ್ನ ಕೇಳಿ. ಇದನ್ನೂ ಸುಡ್ಬೇಕು ಅಂದ್ರೆ ಪತ್ರಿಕೆ ತರಿಸೋ ಆರುನೂರು ಮನೆಗೆ ಹೋಗ್ಬೇಕಾಗುತ್ತೆ. ಹೊರಡಿ."

ಬಸವೇಶ್ ಪತ್ರಿಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದ. ಇವತ್ತಿಗೂ ಅವನು ಇಬ್ಬರನ್ನೂ ಮಾತಾಡಿಸುವುದಿಲ್ಲ. ಕಥೆ ಇಪ್ಪತ್ತಾರು ವಾರ ನಡೆದು ಮುಗಿಯಿತು. ಈಗ ಭಾನುವಾರ ಆ ಮೇಜಿನ ಸುತ್ತ ಇನ್ನೂ ಮೂವರು ಹೆಂಗಸರು ಬರೆಯಲು ಕೂರುತ್ತಾರೆ. ಅವರಲ್ಲಿ ಅರವತ್ತು ದಾಟಿದ ಕಾಮಾಕ್ಷಮ್ಮ ಮೊದಲ ಮುತ್ತಿನ ಪುಟ ಓದುವಾಗ ದನಿ ತಗ್ಗಿಸಿದರೆ, "ಜೋರಾಗಿ ಓದಿ ಕಣ್ರೀ, ಓಣಿಗೆಲ್ಲ ಕೇಳಲಿ" ಎನ್ನುತ್ತಾಳೆ ಯಾಸ್ಮಿನ್.